ಬಿಸಿಲು ಹೆಚ್ಚಾದರೆ ಸೂರ್ಯಕಾಂತಿ ಎಣ್ಣೆ ಕೆಡುತ್ತದೆಯೇ?

ಬಿಸಿಲಿನ ಝಳಕ್ಕೆ ಹೊಲದಲ್ಲೇ ಸೂರ್ಯಕಾಂತಿ ಬೀಜದ ಎಣ್ಣೆ ವಿಷವಾಗುತ್ತದೆ ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡಬೇಡಿ. ತಾಪಮಾನ ಏರಿದಾಗ ಎಣ್ಣೆ ಬದಲಾಗುವುದು ನಿಜ, ಆದರೆ ಅದು ವಿಷವಾಗುವುದಿಲ್ಲ. ಪೆಟ್ಟು ಬೀಳುವುದು ಎಣ್ಣೆ ಬಳಸುವವರಿಗಲ್ಲ, ಬೆಳೆಯುವವರಿಗೆ.

ಈ ಎಣ್ಣೆಯಲ್ಲಿ ಮುಖ್ಯವಾಗಿ ಎರಡು ಕೊಬ್ಬಿನಾಮ್ಲಗಳಿವೆ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಸುಮಾರು ಶೇ 48ರಿಂದ 74, ಓಲಿಯಿಕ್ ಆಮ್ಲ ಶೇ 14ರಿಂದ 39ರಷ್ಟು ಇರಬಹುದು. ಅಂತರ ಇಷ್ಟು ದೊಡ್ಡದಿರಲು ತಳಿಯ ಜೊತೆಗೆ ಹವೆಯೂ ಕಾರಣ. ಬೀಜದಲ್ಲಿ ಮೊದಲು ಓಲಿಯಿಕ್ ತಯಾರಾಗುತ್ತದೆ. ಒಂದು ಕಿಣ್ವ ಅದನ್ನು ಲಿನೋಲಿಯಿಕ್ ಆಗಿ ಮಾರ್ಪಡಿಸುತ್ತದೆ. ಕಾಳು ತುಂಬುವಾಗ ಸೆಕೆ ಹೆಚ್ಚಿದ್ದರೆ ಕಿಣ್ವದ ಕೆಲಸ ಕುಗ್ಗಿ, ಓಲಿಯಿಕ್ ಹಾಗೆಯೇ ಉಳಿಯುತ್ತದೆ. ಅರ್ಜೆಂಟೀನಾದಲ್ಲಿ ಉತ್ತರದ ಬಿಸಿ ಪ್ರದೇಶದ ಬೆಳೆಯಲ್ಲಿ ಓಲಿಯಿಕ್ ಹೆಚ್ಚು, ದಕ್ಷಿಣದ ತಂಪಿನಲ್ಲಿ ಲಿನೋಲಿಯಿಕ್ ಹೆಚ್ಚು.

ಓಲಿಯಿಕ್ ಕೆಟ್ಟದ್ದೇ? ನಮ್ಮ ಕಡಲೆಕಾಯಿ ಎಣ್ಣೆಯಲ್ಲೂ ಅದು ಧಾರಾಳವಾಗಿದೆ. ಓಲಿಯಿಕ್ ಹೆಚ್ಚಿರುವ ಎಣ್ಣೆ ಬೇಗ ಕಮಟುವುದಿಲ್ಲ, ಕರಿಯಲು ಹೆಚ್ಚು ತಾಳುತ್ತದೆ. ಶೇ 75ಕ್ಕೂ ಹೆಚ್ಚು ಓಲಿಯಿಕ್ ಇರುವ ತಳಿಗಳನ್ನು ವಿಜ್ಞಾನಿಗಳೇ ಬೇಕೆಂದು ಬೆಳೆಸಿದ್ದಾರೆ!

ಇನ್ನೊಂದು ಮಾತು. ಈ ಬದಲಾವಣೆಯಲ್ಲಿ ಹಗಲಿನ ಬಿಸಿಲಿಗಿಂತ ರಾತ್ರಿಯ ತಾಪಮಾನದ ಪಾತ್ರ ದೊಡ್ಡದು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸಮುದ್ರಮಟ್ಟದಿಂದ ಸುಮಾರು 700ರಿಂದ 850 ಮೀಟರ್ ಎತ್ತರದಲ್ಲಿರುವುದರಿಂದ ರಾತ್ರಿ ಸ್ವಲ್ಪ ತಂಪು. ಮಧ್ಯಾಹ್ನದ ಉಷ್ಣಾಂಶದ ಸ್ಕ್ರೀನ್‌ಶಾಟ್ ನೋಡಿ ಎಣ್ಣೆಯ ಗುಣ ಹೇಳಲಾಗದು.

ರೈತರ ನಷ್ಟದ ಕತೆ ಬೇರೆ. ಹೂ ಬಿಡುವಾಗ ಅತಿ ಸೆಕೆಯಿದ್ದರೆ ಪರಾಗ ನಿಶ್ಶಕ್ತವಾಗುತ್ತದೆ, ಜೇನುಹುಳುಗಳ ಓಡಾಟವೂ ಕಡಿಮೆಯಾಗುತ್ತದೆ. ತೆನೆಯ ನಡುವೆ ಜೊಳ್ಳು ಹೆಚ್ಚುತ್ತದೆ. ಕಾಳು ತುಂಬುವ ದಿನಗಳು ಮೊಟಕಾಗಿ ಬೀಜ ಸಣ್ಣದಾಗುತ್ತದೆ, ಎಣ್ಣೆಯ ಪ್ರಮಾಣವೂ ಇಳಿಯುತ್ತದೆ. ಮಂಡಿಯಲ್ಲಿ ಹಣ ಸಿಗುವುದು ತೂಕಕ್ಕೆ. ಬೆಳೆ 90ರಿಂದ 100 ದಿನದ್ದು, ಹೂ ಬರುವುದು ಬಿತ್ತಿದ ಸುಮಾರು ಎರಡು ತಿಂಗಳಿಗೆ. ಫೆಬ್ರುವರಿಯಲ್ಲಿ ಬಿತ್ತಿದರೆ ಹೂವಿನ ಹೊತ್ತಿಗೆ ಏಪ್ರಿಲ್, ಮೈಸೂರು ಜಿಲ್ಲೆಯ ಕಡುಬೇಸಿಗೆ. ಬಿತ್ತುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ತಳಿ ಮತ್ತು ಸಮಯ ಎರಡನ್ನೂ ಕೇಳಿ.

ಅಂಗಡಿಯ ಪ್ಯಾಕೆಟ್ ಎಣ್ಣೆಗೆ ಈ ತಾಲ್ಲೂಕುಗಳ ಬಿಸಿಲು ಕಾರಣವೂ ಅಲ್ಲ, ಭಾರತ ಬಳಸುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಆಮದಿನದು. ಅದು ಹಾಳಾಗುವುದು ಬಾಣಲೆಯಲ್ಲಿ. ಕರಿಯುವಾಗ ಶಾಖ ಸುಮಾರು 180 ಡಿಗ್ರಿಗೆ ಏರುತ್ತದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಶೇ 25 ಮೀರಿದರೆ ಬಳಸಬಾರದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯಲಾಗದು. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಬಂದರೆ ಚೆಲ್ಲಿಬಿಡಿ.