ಇರುಳ ಕೂಟದಿಂದ ಧ್ಯಾನಗೋಷ್ಠಿಗೆ

ಅಮೆರಿಕದ ಕಪ್ಪು ಸಮುದಾಯಗಳು ಇಂದು ಧ್ಯಾನ ಹಾಗೂ ಸಂಗೀತಕ್ಕಾಗಿ ಒಟ್ಟುಗೂಡಿ, ಅದನ್ನು ‘ಸ್ವ-ಆರೈಕೆ’ ಎಂದು ಕರೆಯುತ್ತವೆ. ಇದು ಕಾಲದ ಹೊಸ ಅಭಿರುಚಿಯಷ್ಟೇ ಎಂದು ಬದಿಗೊತ್ತುವ ಮುನ್ನ ನಾವು ಇದರ ಬೇರನ್ನು ಅರಸಬೇಕು.

ದಾಸ್ಯದ ದಿನಗಳಲ್ಲಿ ತೋಟದ ದುಡಿಮೆ ಮುಗಿದ ಬಳಿಕ ಗುಲಾಮರು ಕಾಡಿನ ಮರೆಯಲ್ಲಿ ಗುಟ್ಟಾಗಿ ನೆರೆಯುತ್ತಿದ್ದರು. ವೃತ್ತಾಕಾರವಾಗಿ ಹೆಜ್ಜೆಯಿಡುತ್ತ, ಚಪ್ಪಾಳೆ ತಟ್ಟುತ್ತ ಹಾಡುತ್ತಿದ್ದರು. ದನಿ ಯಜಮಾನನ ಕಿವಿಗೆ ಬೀಳದಿರಲೆಂದು ಗಡಿಗೆಯನ್ನು ಬೋರಲು ಹಾಕುತ್ತಿದ್ದುದನ್ನು ಅವರಲ್ಲಿ ಹಲವರು ಮುಂದೆ ಸ್ಮರಿಸಿದ್ದಾರೆ. 1831ರ ನ್ಯಾಟ್ ಟರ್ನರ್ ಬಂಡಾಯದ ತರುವಾಯ ವರ್ಜೀನಿಯಾದ ಶಾಸನವು ಕಪ್ಪು ಬೋಧಕರು ಸಭೆ ನಡೆಸುವುದನ್ನು ನಿಷೇಧಿಸಿತು, ಹಾಡು ನಿಲ್ಲಲಿಲ್ಲ. ಪರರ ಸ್ವತ್ತೆಂದು ಲೆಕ್ಕಕ್ಕೆ ಬರೆದ ದೇಹವು ಆ ಗಳಿಗೆಯಲ್ಲಿ ದೇವರದಾಗಿತ್ತು.

ನಮ್ಮ ಧರ್ಮಸಭೆಯೂ ಈ ಚರಿತ್ರೆಯ ಹೊರಗಿಲ್ಲ. ಸಬ್ಬತ್ ವಿಧಿಯು ದಾಸದಾಸಿಯರಿಗೂ ವಿಶ್ರಾಂತಿಯನ್ನು ಆದೇಶಿಸುತ್ತದೆ. ಅದನ್ನು ಬಲ್ಲ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳೇ 1838ರಲ್ಲಿ 272 ಮಂದಿ ಗುಲಾಮರನ್ನು ಮಾರಿದರು.

ಒಮ್ಮೆ ಗುಲಾಮಳಾಗಿದ್ದ ಅಜ್ಜಿಯ ಮಡಿಲಲ್ಲಿ ಬೆಳೆದ ಹೊವರ್ಡ್ ಥರ್ಮನ್, 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸರ್ವವರ್ಣೀಯರ ಸಭೆಯೊಂದನ್ನು ಕಟ್ಟಲು ನೆರವಾಗಿ, ಆರಾಧನೆಯಲ್ಲಿ ಮೌನಧ್ಯಾನಕ್ಕೆ ಎಡೆಮಾಡಿಕೊಟ್ಟರು. 1989ರಲ್ಲಿ ಕ್ಯಾನ್ಸರಿನಿಂದ ಬಳಲುತ್ತಿದ್ದ ಧರ್ಮಭಗಿನಿ ಥಿಯಾ ಬೋಮನ್, ಗುಲಾಮರ ಪೀಳಿಗೆಗಳು ಉಳಿಸಿಕೊಟ್ಟ ಶೋಕಗೀತೆಯನ್ನು ಅಮೆರಿಕದ ಧರ್ಮಾಧ್ಯಕ್ಷರ ಮುಂದೆ ಕುಳಿತೇ ಹಾಡಿದರು. ಕೊನೆಗೆ ಅವರೂ ಆಕೆಯೊಡನೆ ದನಿಗೂಡಿಸಿದರು.

ಆದುದರಿಂದ ಇಂದಿನ ಕೂಟಗಳನ್ನು ಕುರಿತು ‘ಇದು ಪ್ರಾರ್ಥನೆಯೇ?’ ಎಂದು ವಿಚಾರಿಸುವ ಮುನ್ನ, ಈ ಬಳಲಿಕೆಯಲ್ಲಿ ನಮ್ಮ ಪಾಲೆಷ್ಟು ಎಂದು ಕೇಳಿಕೊಳ್ಳುವುದು ಕುರುಬರಾದ ನಮಗೆ ತಕ್ಕದ್ದು.