ಕಝಕ್ ಹುಡುಗನೊಬ್ಬ ನಿರ್ದೇಶಕನಾದ ದಾರಿ

ಕಝಕಸ್ತಾನದ ಸಿನಿಮಾ ಅಂದರೆ ನಮ್ಮಲ್ಲಿ ಹಲವರಿಗೆ ತಟ್ಟನೆ ನೆನಪಾಗುವುದು 'ಬೊರಾತ್'. ತಮಾಷೆಯೆಂದರೆ ಅದು ಕಝಕ್ ಸಿನಿಮಾವೇ ಅಲ್ಲ! ಅದರಲ್ಲಿ ಕಾಣುವ ಹಳ್ಳಿಯೂ ರೊಮೇನಿಯಾದ್ದು. ನಿಜವಾದ ಕಝಕ್ ಸಿನಿಮಾದ ಕತೆ ಬೇರೆಯೇ ಇದೆ. ಎಮಿರ್ ಬೈಗಾಜಿನ್ ಎಂಬ ನಿರ್ದೇಶಕ ನಡೆದು ಬಂದ ದಾರಿ ನೋಡಿದರೆ ಅದು ಅರ್ಥವಾಗುತ್ತದೆ.

ಮೊದಲು ಸ್ವಲ್ಪ ಹಿನ್ನೆಲೆ. 1941ರಲ್ಲಿ ಜರ್ಮನ್ ಸೇನೆ ನುಗ್ಗಿ ಬಂದಾಗ ಮಾಸ್ಕೋ, ಲೆನಿನ್‌ಗ್ರಾಡ್‌ಗಳ ಸ್ಟುಡಿಯೋಗಳು ಗಂಟುಮೂಟೆ ಕಟ್ಟಿಕೊಂಡು ಆಲ್ಮಾ-ಅತಾಗೆ (ಈಗಿನ ಅಲ್ಮಾಟಿ) ಬಂದವು. ಐಸೆನ್‌ಸ್ಟೈನ್ 'ಇವಾನ್ ದಿ ಟೆರಿಬಲ್' ಚಿತ್ರೀಕರಿಸಿದ್ದು ಅಲ್ಲೇ. ಯುದ್ಧ ಮುಗಿದ ಮೇಲೆ ಬಂದವರು ಹಿಂತಿರುಗಿದರು, ಸಿನಿಮಾದ ಹುಚ್ಚು ಮಾತ್ರ ಊರಲ್ಲೇ ಉಳಿಯಿತು. ನಟನಾಗಿದ್ದು ಆಮೇಲೆ ನಿರ್ದೇಶಕನಾದ ಶಾಕೆನ್ ಐಮಾನೋವ್ ಅದನ್ನು ಬೆಳೆಸಿದ. ಕಝಕ್‌ಫಿಲ್ಮ್ ಸ್ಟುಡಿಯೋಗೆ ಇಂದಿಗೂ ಅವನದೇ ಹೆಸರು.

ಆದರೆ ಕಲಿಯುವುದಕ್ಕೆ ಮಾಸ್ಕೋ ದಾರಿಯನ್ನೇ ಹಿಡಿಯಬೇಕಿತ್ತು. 1984ರಲ್ಲಿ ಅಲ್ಲಿನ ವಿಜಿಐಕೆ ಸಿನಿಮಾ ಶಾಲೆಯಲ್ಲಿ ಸೆರ್ಗೆಯ್ ಸೊಲೊವ್ಯೋವ್ ಎಂಬ ನಿರ್ದೇಶಕ ಕಝಕ್ ವಿದ್ಯಾರ್ಥಿಗಳಿಗೆಂದೇ ಒಂದು ತರಗತಿ ಶುರುಮಾಡಿದ. ಅಲ್ಲಿಂದ ಬಂದವನು ರಶೀದ್ ನುಗ್ಮಾನೋವ್. ಅವನ 'ಇಗ್ಲಾ' (ಅಂದರೆ ಸೂಜಿ, 1988) ಚಿತ್ರಕ್ಕೆ ರಾಕ್ ಗಾಯಕ ವಿಕ್ಟರ್ ತ್ಸೋಯ್ ನಾಯಕ. ಮಾದಕ ದ್ರವ್ಯದ ಜಾಲ, ಬತ್ತಿಹೋದ ಅರಲ್ ಸಮುದ್ರ... ಸೋವಿಯತ್ ಒಕ್ಕೂಟದ ಉದ್ದಗಲಕ್ಕೂ ಒಂದು ಕೋಟಿಗೂ ಹೆಚ್ಚು ಜನ ಅದನ್ನು ನೋಡಿದರು!

1991ರಲ್ಲಿ ಒಕ್ಕೂಟವೇ ಒಡೆಯಿತು. ಊರೂರಿಗೆ ರೀಲು ತಲುಪಿಸುತ್ತಿದ್ದ ಆ ವ್ಯವಸ್ಥೆಯೂ ಅದರ ಜತೆಗೇ ಹೋಯಿತು. ದೇಶ ಸ್ವತಂತ್ರವಾಯಿತು, ನಿರ್ದೇಶಕ ಮಾತ್ರ ಪ್ರೇಕ್ಷಕರನ್ನು ಕಳೆದುಕೊಂಡ. ದಾರೆಜಾನ್ ಒಮಿರ್ಬಾಯೇವ್‌ನ 'ಕಿಲ್ಲರ್' 1998ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಅಲ್ಲಿಗೆ ಹೊಸ ದಾರಿ ಯಾವುದೆಂದು ಸ್ಪಷ್ಟವಾಯಿತು.

ಬೈಗಾಜಿನ್ ಹಿಡಿದದ್ದೂ ಇದೇ ದಾರಿ. 1984ರಲ್ಲಿ, ಅಂದರೆ ಸೊಲೊವ್ಯೋವ್‌ನ ತರಗತಿ ಶುರುವಾದ ವರ್ಷವೇ, ಆಕ್ತೊಬೆ ಪ್ರಾಂತ್ಯದಲ್ಲಿ ಹುಟ್ಟಿದವನು. ನಟನೆಯಿಂದ ಆರಂಭಿಸಿ ಅಲ್ಮಾಟಿಯ ಕಲಾ ಅಕಾಡೆಮಿಯಲ್ಲಿ ನಿರ್ದೇಶನ ಕಲಿತ. ಬುಸಾನ್, ಬರ್ಲಿನ್ ಚಿತ್ರೋತ್ಸವಗಳು ಯುವಕರಿಗಾಗಿ ನಡೆಸುವ ಶಿಬಿರಗಳಿಗೆ ಹೋಗಿಬಂದ. ಮೊದಲ ಚಿತ್ರ 'ಹಾರ್ಮನಿ ಲೆಸನ್ಸ್'ಗೆ ಕಝಕ್‌ಫಿಲ್ಮ್ ಜತೆ ಜರ್ಮನಿ, ಫ್ರಾನ್ಸ್‌ಗಳೂ ಕೈಜೋಡಿಸಿದವು. 2013ರಲ್ಲಿ ಅದು ಬರ್ಲಿನ್ ಸ್ಪರ್ಧೆಯಲ್ಲಿತ್ತು. ಛಾಯಾಗ್ರಾಹಕ ಅಜೀಜ್ ಜಂಬಾಕಿಯೇವ್‌ಗೆ ಬೆಳ್ಳಿ ಕರಡಿ ಬಂತು.

ಕತೆ ಇಷ್ಟೇ: ಅಸ್ಲಾನ್ ಎಂಬ ಹಳ್ಳಿ ಹುಡುಗ. ಶಾಲೆಯಲ್ಲಿ ಅವನ ಜತೆ ಯಾರೂ ಸೇರುವ ಹಾಗಿಲ್ಲ, ಅದು ಬೊಲಾತ್ ಎಂಬ ಪುಂಡನ ಅಪ್ಪಣೆ. ಆ ಬೊಲಾತ್ ಸಣ್ಣವರಿಂದ ದುಡ್ಡು ಕಿತ್ತು ತನಗಿಂತ ದೊಡ್ಡ ಪುಂಡರಿಗೆ ಕೊಡಬೇಕು. ಅವರ ಮೇಲೆ ಮತ್ತೂ ದೊಡ್ಡವರು. ಅಸ್ಲಾನ್ ಮನೆಯಲ್ಲಿ ಜಿರಲೆಗಳಿಗೆ ಪುಟ್ಟ ವಿದ್ಯುತ್ ಕುರ್ಚಿ ಮಾಡುತ್ತಾನೆ! ಕ್ರೌರ್ಯ ಮೇಲಿಂದ ಕೆಳಗೆ ಇಳಿಯುವ ಬಗೆಯನ್ನು ಭಾಷಣವಿಲ್ಲದೆ ತೋರಿಸುವ ಚಿತ್ರ ಇದು.

ಮುಂದೆ 'ದಿ ವೂಂಡೆಡ್ ಏಂಜೆಲ್' (2016) ಬಂತು. ಆಮೇಲೆ 'ದಿ ರಿವರ್'. ಹೊರಜಗತ್ತಿನಿಂದ ದೂರ ಬೆಳೆದ ಐವರು ಅಣ್ಣತಮ್ಮಂದಿರ ಕತೆಯಾದ ಇದಕ್ಕೆ 2018ರಲ್ಲಿ ವೆನಿಸ್‌ನ ಒರಿಝಾಂಟಿ ವಿಭಾಗದಲ್ಲಿ ಉತ್ತಮ ನಿರ್ದೇಶಕ ಪ್ರಶಸ್ತಿ ಸಿಕ್ಕಿತು.

ನುಗ್ಮಾನೋವ್‌ಗೆ ಮಾಸ್ಕೋದ ಅಂಕೆಯಿತ್ತು, ಆದರೆ ಕೋಟಿ ಜನ ಪ್ರೇಕ್ಷಕರೂ ಇದ್ದರು. ಬೈಗಾಜಿನ್‌ಗೆ ತನ್ನ ಹಳ್ಳಿ, ತನ್ನ ಭಾಷೆ, ತನ್ನ ಕತೆ ಎಲ್ಲವೂ ಸಿಕ್ಕವು, ಆದರೆ ಚಿತ್ರ ಮೊದಲು ತಲುಪುವುದು ಬರ್ಲಿನ್ನಿಗೆ. ಅಸ್ಲಾನನ ವಯಸ್ಸಿನ ಕಝಕ್ ಹುಡುಗನೊಬ್ಬ ತನ್ನ ಊರಲ್ಲೇ ಕೂತು ಆ ಚಿತ್ರ ನೋಡುವಂತಾದರೆ ಮಾತ್ರ ಈ ದಾರಿ ಪೂರ್ತಿಯಾದಂತೆ. ಬೆಳ್ಳಿ ಕರಡಿ ಅರ್ಧ ದಾರಿಯ ಮೈಲಿಗಲ್ಲು, ಅಷ್ಟೆ.

ನಿಮಗೆಲ್ಲಾದರೂ ನೋಡಲು ಸಿಕ್ಕರೆ ಬಿಡಬೇಡಿ.