ಮಾದರಿ ಯುದ್ಧವಿಮಾನಗಳ ಡಿಕಾಲ್: ಒಂದು ವಿಮಾನ, ಒಂದು ದಿನ

ಪ್ಲಾಸ್ಟಿಕ್ ಕಿಟ್ ಜೋಡಿಸಿ ಬಣ್ಣ ಹೊಡೆದು ಮುಗಿಸಿದರೂ ಅದು ಬರೀ ಸ್ಪಿಟ್‌ಫೈರ್, ಇಲ್ಲವೇ ಬರೀ ಮುಸ್ಟಾಂಗ್. ಅಕ್ಷರ, ಅಂಕಿ, ವೃತ್ತ, ಲಾಂಛನಗಳು ಮೈಮೇಲೆ ಕೂತ ಮೇಲೆಯೇ ಅದು ಇಂಥ ದಳದ, ಇಂಥ ಪೈಲಟ್ ಇಂಥ ತಿಂಗಳಲ್ಲಿ ಹಾರಿಸಿದ ವಿಮಾನ ಎನಿಸಿಕೊಳ್ಳುವುದು. ಈ ಗುರುತುಗಳು ಡಿಕಾಲ್ ಎಂಬ ತೆಳು ಹಾಳೆಯಲ್ಲಿ ಅಚ್ಚಾಗಿ ಬರುತ್ತವೆ. ಕಿಟ್‌ನ ಪೆಟ್ಟಿಗೆಯಲ್ಲೇ ಒಂದು ಹಾಳೆ ಇರುತ್ತದೆ. ಅದಲ್ಲದೆ ಬೇರೆ ಸಂಸ್ಥೆಗಳು ಸ್ವತಂತ್ರವಾಗಿ ಮುದ್ರಿಸಿ ಮಾರುವ ಹಾಳೆಗಳನ್ನು ಹವ್ಯಾಸಿಗಳು ‘ಆಫ್ಟರ್‌ಮಾರ್ಕೆಟ್ ಡಿಕಾಲ್’ ಎನ್ನುತ್ತಾರೆ. ಎರಡನೇ ಮಹಾಯುದ್ಧದ ಯುದ್ಧವಿಮಾನಗಳಿಗೆ ಇಂಥ ಹಾಳೆಗಳ ದೊಡ್ಡ ಮಾರುಕಟ್ಟೆಯೇ ಇದೆ.

ಹಾಳೆಯ ರಚನೆ

ಬಳಕೆಯಲ್ಲಿರುವುದು ಹೆಚ್ಚಾಗಿ ನೀರಿನಲ್ಲಿ ನೆನೆಸಿ ಜಾರಿಸುವ ಬಗೆ. ಕೆಳಗೊಂದು ಕಾಗದ, ಅದರ ಮೇಲೆ ನೀರಿನಲ್ಲಿ ಕರಗುವ ಅಂಟು, ಅದರ ಮೇಲೆ ಪಾರದರ್ಶಕ ಪೊರೆ ಮತ್ತು ಶಾಯಿ. ನೆನೆದಾಗ ಅಂಟು ಸಡಿಲಗೊಂಡು ಪೊರೆ ಕಾಗದದಿಂದ ಬೇರ್ಪಡುತ್ತದೆ. ಒಳ್ಳೆಯ ಹಾಳೆಯ ಪೊರೆ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಿದ್ದು, ಬಣ್ಣದ ಅಂಚಿಗಿಂತ ಹೆಚ್ಚು ಹೊರಚಾಚಿರುವುದಿಲ್ಲ.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕುತ್ತಾರೆ. ಬಣ್ಣ ಗಾಢವಾಗಿರುತ್ತದೆ, ಅಂಚು ಚೂಪಾಗಿರುತ್ತದೆ. ಇಟಲಿಯ ಕಾರ್ಟೋಗ್ರಾಫ್ ಮುದ್ರಣಾಲಯ ಈ ಕೆಲಸಕ್ಕೆ ಹೆಸರುವಾಸಿ. ಹಲವು ಕಿಟ್ ಕಂಪನಿಗಳು ಪೆಟ್ಟಿಗೆಯ ಮೇಲೆಯೇ ಅದರ ಹೆಸರು ಹಾಕಿಕೊಳ್ಳುತ್ತವೆ. ಡಿಜಿಟಲ್ ಮುದ್ರಣದ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣ ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುವುದುಂಟು. ಮನೆಯ ಇಂಕ್‌ಜೆಟ್ ಪ್ರಿಂಟರ್‌ಗೆ ಬಿಳಿ ಶಾಯಿಯೇ ಇಲ್ಲದಿರುವುದರಿಂದ ಗಾಢ ಬಣ್ಣದ ವಿಮಾನದ ಮೇಲೆ ಅದರ ಅಚ್ಚು ಮಂಕಾಗಿಬಿಡುತ್ತದೆ.

ಕಿಟ್‌ನಲ್ಲಿ ಇರುವಾಗ ಬೇರೆ ಹಾಳೆ ಏಕೆ?

ಮೊದಲ ಕಾರಣ ಆಯ್ಕೆ. ಕಿಟ್‌ನ ಹಾಳೆಯಲ್ಲಿ ಸಾಮಾನ್ಯವಾಗಿ ಕೆಲವೇ ವಿಮಾನಗಳ ಗುರುತುಗಳಿರುತ್ತವೆ, ಅವೂ ಬಹುಪಾಲು ಪ್ರಸಿದ್ಧ ಪೈಲಟ್‌ಗಳವು. ಎರಡನೆಯದು ಗುಣಮಟ್ಟ. ಪೊರೆ ದಪ್ಪವಾಗಿರಬಹುದು, ಬಿಳಿ ಬಣ್ಣ ಹಳದಿಗೆ ತಿರುಗಿರಬಹುದು, ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಇರಬಹುದು. 1/72 ಸ್ಕೇಲ್‌ನಲ್ಲಿ ವೃತ್ತದ ಕೆಂಪು ಚುಕ್ಕಿ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ನಿಜವಾದ ವಿಮಾನದಲ್ಲಿ ಅದು 3.6 ಸೆಂಟಿಮೀಟರ್ ತಪ್ಪಿದಂತೆ. ಈ ತೊಂದರೆ ತಪ್ಪಿಸಲು ಕೆಲವು ಹಾಳೆಗಳಲ್ಲಿ ಕೆಂಪು ಚುಕ್ಕಿಯನ್ನೇ ಬೇರೆಯಾಗಿ ಕೊಡುತ್ತಾರೆ.

ಮೂರನೆಯದು ಸಣ್ಣ ಬರಹಗಳು. ‘ಇಲ್ಲಿ ಕಾಲಿಡಬೇಡಿ’ ಎಂಬ ಎಚ್ಚರಿಕೆ, ಇಂಧನದ ಮುಚ್ಚಳದ ಪಕ್ಕದ ಸೂಚನೆ ಮುಂತಾದವನ್ನು ಸ್ಟೆನ್ಸಿಲ್ ಎನ್ನುತ್ತಾರೆ. ಮೆಸ್ಸರ್‌ಸ್ಮಿಟ್ 109ರ ಇಂಧನ ತುಂಬುವ ಬಾಯಿಯ ಹತ್ತಿರ ಹಳದಿ ತ್ರಿಕೋನವೂ ಅದರೊಳಗೆ 87 ಎಂಬ ಅಂಕಿಯೂ ಇರುತ್ತಿತ್ತು. ಅದು ಬಳಸಬೇಕಾದ ಪೆಟ್ರೋಲಿನ ಆಕ್ಟೇನ್ ಸಂಖ್ಯೆ. ಇಂಥವನ್ನು ಭೂತಗನ್ನಡಿಯಲ್ಲಿ ಓದುವಷ್ಟು ಸ್ಪಷ್ಟವಾಗಿ ಮುದ್ರಿಸಿದ ಸ್ಟೆನ್ಸಿಲ್ ಹಾಳೆಗಳು ಪ್ರತ್ಯೇಕವಾಗಿಯೇ ಸಿಗುತ್ತವೆ.

ತಿಂಗಳಿಗೊಂದು ಗುರುತು

ಆಕಾಶದಲ್ಲಿ ನಮ್ಮವರು ಯಾರು, ಶತ್ರು ಯಾರು ಎಂದು ಕ್ಷಣದಲ್ಲಿ ತಿಳಿಯಬೇಕಿತ್ತು. ಹಾಗಾಗಿ ಯುದ್ಧದುದ್ದಕ್ಕೂ ಗುರುತುಗಳು ಬದಲಾಗುತ್ತಲೇ ಹೋದವು. ಅಮೆರಿಕದ ಬಿಳಿ ನಕ್ಷತ್ರದ ನಡುವೆ ಇದ್ದ ಕೆಂಪು ಚುಕ್ಕಿಯನ್ನು ಜಪಾನಿನ ಕೆಂಪು ಸೂರ್ಯನೆಂದು ತಪ್ಪು ತಿಳಿಯುವ ಭಯದಿಂದ 1942ರ ಮೇ ತಿಂಗಳಲ್ಲಿ ತೆಗೆದರು. 1943ರ ಜೂನ್‌ನಲ್ಲಿ ನಕ್ಷತ್ರದ ಎರಡೂ ಬದಿಗೆ ಬಿಳಿ ಪಟ್ಟಿ, ಸುತ್ತ ಕೆಂಪು ಅಂಚು ಬಂತು. ಅದೇ ವರ್ಷ ಆ ಕೆಂಪು ಅಂಚು ನೀಲಿಯಾಯಿತು.

ಬರ್ಮಾ ರಣರಂಗದ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳಲ್ಲೂ ಇದೇ ಕಾರಣಕ್ಕೆ ಕೆಂಪು ಮಾಯವಾಗಿ ನೀಲಿಯ ಎರಡು ಛಾಯೆಗಳ ವೃತ್ತ ಉಳಿಯಿತು. 1944ರಲ್ಲಿ ಅರ್ಜನ್ ಸಿಂಗ್ ನೇತೃತ್ವದ ಒಂದನೇ ಸ್ಕ್ವಾಡ್ರನ್ ಇಂಫಾಲದಿಂದ ಹಾರಿಸಿದ ಹರಿಕೇನ್‌ಗಳನ್ನು ಮಾಡಹೊರಟವರಿಗೆ ಬೇಕಾದುದು ಈ ವೃತ್ತ. ಕಿಟ್‌ನಲ್ಲಿ ಬರುವ ಕೆಂಪು-ಬಿಳಿ-ನೀಲಿ ವೃತ್ತ ಅಲ್ಲಿ ಸಲ್ಲದು.

ಮೈಸೂರು ಸ್ಕ್ವಾಡ್ರನ್ನಿನ ಉದಾಹರಣೆ

ಬ್ರಿಟನ್ನಿನ ವಾಯುಪಡೆ 1941ರ ಜೂನ್‌ನಲ್ಲಿ 129ನೇ ಸ್ಕ್ವಾಡ್ರನ್ ಅನ್ನು ಮತ್ತೆ ಕಟ್ಟಿದಾಗ, ಮೈಸೂರು ಕೊಟ್ಟ ದೇಣಿಗೆಯ ಗೌರವಾರ್ಥ ಅದಕ್ಕೆ ‘ಮೈಸೂರು’ ಎಂಬ ಹೆಸರು ಸೇರಿತು. ಅದರ ಲಾಂಛನ ನಮ್ಮದೇ ಗಂಡಭೇರುಂಡ. ವಿಮಾನಗಳ ಒಡಲ ಮೇಲೆ ಬರೆಯುತ್ತಿದ್ದ ಸಂಕೇತಾಕ್ಷರ ಡಿವಿ.

ಈ ದಳದ ವಿಮಾನವೊಂದನ್ನು ಮಾಡಬೇಕು ಎಂದುಕೊಂಡರೆ ಮೊದಲು ಉತ್ತರಿಸಬೇಕಾದ ಪ್ರಶ್ನೆ: ಯಾವಾಗಿನದು? 1941ರ ಕೊನೆಯ ಸ್ಪಿಟ್‌ಫೈರ್ 5 ಆದರೆ ಒಡಲ ಮೇಲೆ ಎ1 ಮಾದರಿಯ ವೃತ್ತ. 35 ಇಂಚಿನ ಆ ವೃತ್ತದಲ್ಲಿ ಹಳದಿ, ನೀಲಿ, ಬಿಳಿ ಪಟ್ಟಿಗಳು ತಲಾ ಐದೈದು ಇಂಚು. 1942ರ ಆಗಸ್ಟ್‌ನ ಡಿಯೆಪ್ ದಾಳಿಯ ಹೊತ್ತಿಗೆ ಸಿ1 ಮಾದರಿ ಜಾರಿಗೆ ಬಂದಿತ್ತು. ಅದರ 36 ಇಂಚಿನ ವೃತ್ತದಲ್ಲಿ ಹಳದಿಯೂ ಬಿಳಿಯೂ ಎರಡೆರಡೇ ಇಂಚಿಗೆ ಇಳಿದವು, ದೂರಕ್ಕೆ ಎದ್ದು ಕಾಣಬಾರದೆಂದು. 1944ರಲ್ಲಿ ಇದೇ ದಳ ಮುಸ್ಟಾಂಗ್ 3ಕ್ಕೆ ಬದಲಾಗಿ, ಮುಂದೆ ಜರ್ಮನಿಯ ವಿ-1 ಹಾರುಬಾಂಬ್‌ಗಳನ್ನು ಬೆನ್ನಟ್ಟಿತು. ಆ ವರ್ಷದ ಜೂನ್ 6ರ ನಾರ್ಮಂಡಿ ದಾಳಿಗಾಗಿ ಮಿತ್ರಪಡೆಗಳ ಯುದ್ಧವಿಮಾನಗಳಿಗೆ ಕಪ್ಪು-ಬಿಳುಪು ಪಟ್ಟೆ ಬಳಿದರು. ಆ ಪಟ್ಟೆಗಳನ್ನೂ ಮುಂದೆ ಹಂತಹಂತವಾಗಿ ಅಳಿಸಿದರು.

ಅಂದರೆ ದಳ ಒಂದೇ, ಅಕ್ಷರ ಒಂದೇ. ಆದರೂ ಮೂರು ಕಾಲಕ್ಕೆ ಮೂರು ಹಾಳೆ ಬೇಕು. ಒಳ್ಳೆಯ ಡಿಕಾಲ್ ಹಾಳೆಯ ಬೆಲೆಯ ಬಹುಪಾಲು ಈ ಶೋಧನೆಗೆ ಸಲ್ಲಬೇಕಾದ್ದು, ಶಾಯಿಗಲ್ಲ.

ಅಳತೆಯ ಲೆಕ್ಕ

ಒಂಟಿ ಎಂಜಿನ್ ವಿಮಾನದ ನಾರ್ಮಂಡಿ ಪಟ್ಟೆಯೊಂದರ ಅಗಲ 18 ಇಂಚು. 1/72ರಲ್ಲಿ ಅದು 6.35 ಮಿಲಿಮೀಟರ್, 1/48ರಲ್ಲಿ ಸುಮಾರು 9.5 ಮಿಲಿಮೀಟರ್. ಬ್ರಿಟಿಷ್ ಯುದ್ಧವಿಮಾನಗಳ ಒಡಲಿನ ಕ್ರಮಸಂಖ್ಯೆಯ ಎತ್ತರ ಎಂಟು ಇಂಚು; 1/72ರಲ್ಲಿ ಮೂರು ಮಿಲಿಮೀಟರಿಗೂ ಕಡಿಮೆ. ಇಷ್ಟು ಸಣ್ಣ ಅಕ್ಷರವನ್ನು ಕೈಯಿಂದ ಬರೆಯುವುದು ಆಗದ ಮಾತು. ಅಗಲವಾದ ಪಟ್ಟೆ, ದೊಡ್ಡ ವೃತ್ತಗಳಿಗೆ ಮಾತ್ರ ಅನೇಕರು ಡಿಕಾಲ್ ಬಿಟ್ಟು, ಮಾಸ್ಕ್ ಅಂಟಿಸಿ ಬಣ್ಣವನ್ನೇ ಸಿಂಪಡಿಸುತ್ತಾರೆ.

ಫೋಟೋ ನಂಬಬಹುದೇ?

ಹಾಳೆಗೆ ಆಧಾರ ಹೆಚ್ಚಾಗಿ ಕಪ್ಪು-ಬಿಳುಪು ಚಿತ್ರಗಳು. ಅಂದಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮ್‌ಗೆ ಕೆಂಪು ಬಣ್ಣ ಗ್ರಹಿಸುವ ಶಕ್ತಿಯಿರಲಿಲ್ಲ. ಹಾಗಾಗಿ ಕೆಂಪು, ಹಳದಿಗಳು ಕಪ್ಪಾಗಿಯೂ ನೀಲಿ ತಿಳಿಯಾಗಿಯೂ ಮೂಡುತ್ತವೆ. ವೃತ್ತದ ಹಳದಿ ಅಂಚು ಅಂಥ ಚಿತ್ರದಲ್ಲಿ ಕಪ್ಪು ಬಳೆಯಂತೆ ಕಾಣುತ್ತದೆ. ಇದನ್ನು ತಿಳಿಯದೆ ಬಣ್ಣ ಊಹಿಸಿದರೆ ಹಾಳೆಯೇ ತಪ್ಪು.

ಚಿತ್ರ ಸ್ಪಷ್ಟವಿದ್ದರೂ ಕಥೆ ಬೇರೆಯಿರಬಹುದು. ಅಮೆರಿಕದ ಗ್ರೆಗರಿ ಬಾಯಿಂಗ್ಟನ್ 86 ಸಂಖ್ಯೆಯ ಕೋರ್ಸೇರ್ ವಿಮಾನದಲ್ಲಿ ಕೂತಿರುವ ಚಿತ್ರ ಲೋಕಪ್ರಸಿದ್ಧ. ಕಾಕ್‌ಪಿಟ್ಟಿನ ಕೆಳಗೆ ಸಾಲುಸಾಲು ಜಪಾನಿ ಧ್ವಜಗಳು. ಅದು ಪ್ರಚಾರಕ್ಕೆಂದು ಸಜ್ಜುಮಾಡಿದ ವಿಮಾನ. ಅವರು ಕಾಳಗಕ್ಕೆ ಒಯ್ದ ವಿಮಾನವಲ್ಲ. ಆದರೂ ಆ ಗುರುತುಗಳು ಮತ್ತೆಮತ್ತೆ ಅಚ್ಚಾಗುತ್ತಲೇ ಇವೆ.

ಸ್ವಸ್ತಿಕದ ತೊಡಕು

ಜರ್ಮನ್ ವಿಮಾನಗಳ ಬಾಲದಲ್ಲಿ ನಾಜಿ ಸ್ವಸ್ತಿಕ ಇರುತ್ತಿತ್ತು. ಜರ್ಮನಿಯ ದಂಡಸಂಹಿತೆಯ 86ಎ ಸೆಕ್ಷನ್ ಅದರ ಪ್ರದರ್ಶನವನ್ನು ನಿರ್ಬಂಧಿಸುತ್ತದೆ. ಶಿಕ್ಷಣ, ಕಲೆ, ಸಂಶೋಧನೆಗೆ ವಿನಾಯಿತಿಯಿದ್ದರೂ ಕಿಟ್ ಕಂಪನಿಗಳು ರಗಳೆಯೇ ಬೇಡವೆಂದು ಅದನ್ನು ಬಿಟ್ಟುಬಿಡುತ್ತವೆ, ಇಲ್ಲವೇ ತುಂಡುಗಳಾಗಿ ಮುದ್ರಿಸುತ್ತವೆ. ಚಾರಿತ್ರಿಕ ನಿಖರತೆ ಬಯಸುವವರು ಅದಕ್ಕೆ ಆಫ್ಟರ್‌ಮಾರ್ಕೆಟ್ ಹಾಳೆ ಹುಡುಕುತ್ತಾರೆ. ಫಿನ್ಲೆಂಡಿನ ವಿಮಾನಗಳ ನೀಲಿ ಸ್ವಸ್ತಿಕದ ಹಿನ್ನೆಲೆಯೇ ಬೇರೆ. ಅದು 1918ರಿಂದ ಬಳಕೆಯಲ್ಲಿತ್ತು, ನಾಜಿ ಪಕ್ಷ ಹುಟ್ಟುವ ಮೊದಲಿನದು.

ಅಂಟಿಸುವ ಕ್ರಮ

ಮೊದಲು ವಿಮಾನದ ಮೈಗೆ ಹೊಳಪಿನ ವಾರ್ನಿಷ್ ಬೇಕು. ಮ್ಯಾಟ್ ಬಣ್ಣದ ಮೇಲ್ಮೈ ಒರಟು. ಪೊರೆಯ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯಂತೆ ಮಿನುಗುತ್ತದೆ. ಹವ್ಯಾಸಿಗಳು ಇದನ್ನು ಸಿಲ್ವರಿಂಗ್ ಎನ್ನುತ್ತಾರೆ.

ಬೇಕಾದ ಗುರುತನ್ನು ಕತ್ತರಿಸಿ, ಚಿಮುಟದಲ್ಲಿ ಹಿಡಿದು ಉಗುರುಬೆಚ್ಚನೆಯ ನೀರಿನಲ್ಲಿ ಕೆಲವು ಸೆಕೆಂಡು ಅದ್ದಿ ಹೊರಗಿಡಬೇಕು. ನೀರಿನಲ್ಲೇ ಬಿಟ್ಟರೆ ಅಂಟೆಲ್ಲ ತೊಳೆದುಹೋಗುತ್ತದೆ. ಕೂರಿಸುವ ಜಾಗಕ್ಕೆ ಮೈಕ್ರೋ ಸೆಟ್‌ನಂಥ ದ್ರಾವಣ ಸವರಿ, ಬ್ರಷ್ಷಿನಿಂದ ಗುರುತನ್ನು ಕಾಗದದಿಂದ ಜಾರಿಸಿ ನೇರ ಮಾಡಬೇಕು. ಮೇಲೆ ಮೈಕ್ರೋ ಸಾಲ್ ಹಚ್ಚಿದಾಗ ಪೊರೆ ಮೆದುವಾಗಿ ಸುಕ್ಕುಗಟ್ಟುತ್ತದೆ. ಮೊದಲ ಸಲ ನೋಡಿದವರು ಕೆಟ್ಟೇ ಹೋಯಿತೆಂದು ಬೆರಳಿಡುತ್ತಾರೆ, ಹರಿಯುವುದು ಆಗಲೇ. ಮುಟ್ಟದೆ ಬಿಟ್ಟರೆ ಒಣಗುತ್ತ ಸುಕ್ಕು ಬಿಟ್ಟು, ತಗಡುಗಳ ನಡುವಿನ ಗೆರೆಗಳೊಳಗೂ ಇಳಿದು, ಬಳಿದ ಬಣ್ಣದಂತೆಯೇ ಕಾಣುತ್ತದೆ. ಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಿ ಮತ್ತೊಮ್ಮೆ ದ್ರಾವಣ ಹಚ್ಚುವುದು. ಕೊನೆಗೆ ಮ್ಯಾಟ್ ವಾರ್ನಿಷ್.

ಕೊಳ್ಳುವಾಗ, ಇಟ್ಟುಕೊಳ್ಳುವಾಗ

ಹಾಳೆ ನಿಮ್ಮ ಸ್ಕೇಲಿಗೂ ವಿಮಾನದ ಉಪಮಾದರಿಗೂ ಹೊಂದುತ್ತದೆಯೇ ನೋಡಿ. ಸ್ಪಿಟ್‌ಫೈರ್ 5ರ ಗುರುತನ್ನು 9ಕ್ಕೆ ಹಚ್ಚಿದರೆ ಪ್ರಯೋಜನವಿಲ್ಲ. ಸೂಚನಾಪತ್ರದಲ್ಲಿ ದಿನಾಂಕ, ವಾಯುನೆಲೆ, ಪೈಲಟ್ಟಿನ ಹೆಸರು ಇದ್ದಷ್ಟೂ ಒಳ್ಳೆಯದು. ಚಿತ್ರ ಒಂದೇ ಬದಿಯದಾಗಿದ್ದರೆ ಇನ್ನೊಂದು ಬದಿ ಊಹೆ ಎಂದು ಪ್ರಾಮಾಣಿಕ ತಯಾರಕರು ಬರೆದಿರುತ್ತಾರೆ. ಈ ಹಾಳೆಗಳನ್ನು ಅಚ್ಚು ಹಾಕುವುದೇ ಸ್ವಲ್ಪ. ಮುಗಿದ ಮೇಲೆ ಮರುಮುದ್ರಣ ಆಗಿಯೇ ತೀರುತ್ತದೆ ಎನ್ನುವಂತಿಲ್ಲ.

ತೇವವಿಲ್ಲದ ಜಾಗದಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಚಪ್ಪಟೆಯಾಗಿ ಇಡಿ. ಹಳದಿಗಟ್ಟಿದ ಹಾಳೆಯನ್ನು ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿಟ್ಟರೆ ಬಹಳ ಸಲ ತಿಳಿಯಾಗುತ್ತದೆ. ತೀರಾ ಹಳೆಯದಾದರೆ, ಬೇಡವಾದ ಒಂದು ಗುರುತನ್ನು ಮೊದಲು ನೀರಿಗೆ ಹಾಕಿ ನೋಡಿ. ಅದು ಚೂರಾದರೆ ಉಳಿದವುಗಳ ಮೇಲೆ ಪಾರದರ್ಶಕ ವಾರ್ನಿಷ್ ಹೊಡೆದು, ಒಣಗಿದ ಮೇಲೆ ಒಂದೊಂದಾಗಿ ಅಂಚಿಗೆ ಒತ್ತಿ ಕತ್ತರಿಸಿ ಬಳಸಬಹುದು.